ಏಪ್ರಿಲ್ ನೋಟ್ಸಿಗೆ ಪೆನ್ಸಿಲ್ಲೇ ಸಾಕು

ಬೇಸ್‌ಬಾಲ್ ಮ್ಯಾಚ್ ನೋಡುತ್ತಾ ಹುಡುಗರ ಬಗ್ಗೆ ನೋಟ್ಸ್ ಬರೆಯೋಕೆ ಮೊದಲ ವರ್ಷ ಬಾಲ್ ಪೆನ್ ತಗೊಂಡು ಹೋಗಿದ್ದೆ. ಮೂರನೇ ಇನ್ನಿಂಗ್ಸಿಗೆ ಇಂಕು ಬರುವುದು ನಿಂತಿತು. ಜೇಬಲ್ಲಿಟ್ಟು ಬೆಚ್ಚಗೆ ಮಾಡಿ ತೆಗೆದರೆ ನಾಲ್ಕು ಅಕ್ಷರ ಬರೆಯಬಹುದು, ಆಮೇಲೆ ಮತ್ತೆ ಬಂದ್. ಅರ್ಧ ಚಾರ್ಜ್ ಇದ್ದ ಫೋನು ಕೂಡ ಹೇಳದೆ ಕೇಳದೆ ಆಫ್ ಆಯಿತು. ಅಮೆರಿಕದ ಇಂಡಿಯಾನಾ ರಾಜ್ಯದ ಸೌತ್ ಬೆಂಡ್ ಊರು, ಏಪ್ರಿಲ್ ಎರಡನೇ ವಾರ, ನಾಲ್ಕು ಡಿಗ್ರಿ. ಮಿಶಿಗನ್ ಸರೋವರದ ಕಡೆಯಿಂದ ಗಾಳಿ ಬೀಸುತ್ತಿತ್ತು. ಸ್ಟೇಡಿಯಂನಲ್ಲಿ ಆಗ ಐದು ಸಾವಿರ ಜನ ಕೂರಬಹುದಿತ್ತು. ಅವತ್ತು ನಮ್ಮ ಸಾಲಿನಲ್ಲಿ ನಾನೊಬ್ಬನೇ.

ಮನೆಯಿಂದ ಹೊರಡುವಾಗಲೇ ಹೆಂಡತಿ ಕೇಳಿದ್ದಳು, ‘ರೀ, ನಿಮಗೇನು ಹುಚ್ಚಾ? ಟೀವಿಯಲ್ಲಿ ದೊಡ್ಡ ಟೀಮಿನ ಮ್ಯಾಚೇ ಬರುತ್ತಲ್ಲ.’

ಬರುತ್ತೆ, ನಿಜ. ಆದರೆ ನಾನು ಮೈಸೂರಿನವನು. ಗಂಗೋತ್ರಿ ಮೈದಾನದಲ್ಲಿ ರಣಜಿ ನೋಡಿ ಬೆಳೆದವನು. 2010ರ ಜನವರಿಯಲ್ಲಿ ಕರ್ನಾಟಕ ಆರೇ ಆರು ರನ್ನಿಂದ ಮುಂಬೈಗೆ ಫೈನಲ್ ಸೋತ ದಿನ ಅಲ್ಲೇ ಇದ್ದೆ. ಇನ್ನೂ ಹೆಸರು ಮಾಡದ ಹುಡುಗರನ್ನು ಹತ್ತಿರದಿಂದ ನೋಡೋದು, ‘ಇವನು ಮೇಲೆ ಹೋಗ್ತಾನೆ’ ಅಂತ ಪಕ್ಕದವನ ಹತ್ತಿರ ವಾದ ಮಾಡೋದು, ಆ ಚಟ ಅಲ್ಲಿಂದಲೇ ಅಂಟಿದ್ದು. ಇಲ್ಲಿಗೆ ಬಂದ ಮೇಲೆ ಅದಕ್ಕೆ ಸಿಕ್ಕಿದ ಜಾಗ ಮೈನರ್ ಲೀಗ್ ಬೇಸ್‌ಬಾಲ್. ಸೌತ್ ಬೆಂಡ್ ಕಬ್ಸ್ ಅಂದರೆ ಶಿಕಾಗೋ ಕಬ್ಸ್‌ನ ಹುಡುಗರ ತಂಡ. ಹೈ-ಎ ದರ್ಜೆ. ಅದರ ಮೇಲೆ ಡಬಲ್-ಎ, ಟ್ರಿಪಲ್-ಎ, ಆಮೇಲೆ ಮೇಜರ್ ಲೀಗ್. ಇಲ್ಲಿರುವ ಹೆಚ್ಚಿನವರು ಇಪ್ಪತ್ತರ ಆಸುಪಾಸಿನ ಹುಡುಗರು. 2023ರ ಒಪ್ಪಂದದಲ್ಲಿ ಇವರ ಕನಿಷ್ಠ ಸಂಬಳ ವರ್ಷಕ್ಕೆ 27,300 ಡಾಲರ್ ಆಯಿತು. ಅದಕ್ಕೂ ಮುಂಚೆ ಅದರ ಅರ್ಧವೂ ಇರಲಿಲ್ಲ.

ಈಗ ನನ್ನ ತಪ್ಪಿನ ಕಥೆ. 2022ರ ಏಪ್ರಿಲ್‌ನಲ್ಲಿ ಓವನ್ ಕೇಸಿ ಇಲ್ಲಿ ಆಡುತ್ತಿದ್ದ. ಕೆನಡಾದ ಹುಡುಗ, 19 ವರ್ಷ, ಶಿಕಾಗೋದವರು ಯೂ ಡಾರ್ವಿಶ್ ಅನ್ನುವ ಪಿಚರ್‌ನನ್ನು (ಚೆಂಡು ಎಸೆಯುವವನನ್ನು) ಸ್ಯಾನ್ ಡಿಯೇಗೋ ತಂಡಕ್ಕೆ ಕೊಟ್ಟಾಗ ಬದಲಿಗೆ ಬಂದವರಲ್ಲಿ ಒಬ್ಬ. ಆ ತಿಂಗಳು ಅವನ ಬ್ಯಾಟು ಸದ್ದೇ ಮಾಡಲಿಲ್ಲ. ನಾನು ನೋಟ್‌ಬುಕ್ಕಿನಲ್ಲಿ ‘ಬ್ಯಾಟ್ ತಡ. ಇಷ್ಟೇ ಇವನು’ ಅಂತ ಬರೆದು ಕೆಳಗೆ ಎರಡು ಗೆರೆ ಎಳೆದೆ. ಮೇ ಬಂತು, ಬಿಸಿಲು ಬಂತು, ಹುಡುಗ ಹೊಡೆಯೋಕೆ ಶುರು ಮಾಡಿದ. 2025ರ ಆಗಸ್ಟ್‌ನಲ್ಲಿ ಟೊರೊಂಟೊದಲ್ಲಿ, ತನ್ನ ಊರಿನ ಹತ್ತಿರವೇ, ಮೇಜರ್ ಲೀಗಿಗೆ ಕಾಲಿಟ್ಟ. ಅದೇ 2022ರಲ್ಲಿ ಪೀಟ್ ಕ್ರೋ-ಆರ್ಮ್‌ಸ್ಟ್ರಾಂಗ್ ಅನ್ನುವ ಹುಡುಗ ಕೂಡ ಇಲ್ಲಿ ಆಡಿದ. ಆದರೆ ಅವನು ಏಪ್ರಿಲ್ ಕಳೆದದ್ದು ಸೌತ್ ಕೆರೊಲಿನಾದ ಸಮುದ್ರ ತೀರದ ತಂಡದಲ್ಲಿ. ಇಲ್ಲಿಗೆ ಬಂದದ್ದು ಮೇ ಕೊನೆಗೆ, ಚಳಿ ಬಿಟ್ಟ ಮೇಲೆ. ಅವನ ಬಗ್ಗೆ ನಾನು ಬರೆದದ್ದೆಲ್ಲ ಹೊಗಳಿಕೆ. ಒಬ್ಬನನ್ನು ಸ್ವೆಟರ್ ಹಾಕಿಕೊಂಡು ಬೈದಿದ್ದೆ, ಇನ್ನೊಬ್ಬನನ್ನು ಟೀ ಶರ್ಟಿನಲ್ಲಿ ಹೊಗಳಿದ್ದೆ.

ಅಲ್ಲಿಂದ ಏಪ್ರಿಲ್‌ನಲ್ಲಿ ನೋಡುವ ರೀತಿಯನ್ನೇ ಬದಲಾಯಿಸಿದೆ. ಚಳಿ ಯಾವುದನ್ನು ಕೆಡಿಸುತ್ತೆ, ಯಾವುದನ್ನು ಕೆಡಿಸಲ್ಲ ಅಂತ ಮೊದಲು ಬೇರೆ ಮಾಡಿಕೊಳ್ಳಬೇಕು.

ಕೆಡಿಸೋದು ಬಹಳ. ತಂಪು ಗಾಳಿ ದಟ್ಟ, ಚೆಂಡು ಅದರಲ್ಲಿ ಅಷ್ಟು ದೂರ ಹೋಗಲ್ಲ. ಜುಲೈನ ಮೂವತ್ತು ಡಿಗ್ರಿಯಲ್ಲಿ ಗೋಡೆ ದಾಟುವ ಹೊಡೆತ, ನಾಲ್ಕು ಡಿಗ್ರಿಯಲ್ಲಿ ಹೆಚ್ಚು ಕಡಿಮೆ ನಾಲ್ಕೈದು ಮೀಟರ್ ಮುಂಚೆಯೇ ಬೀಳುತ್ತೆ. ಅಂದರೆ ಹೋಮ್ ರನ್ ಹೋಗಿ ಕ್ಯಾಚ್ ಆಗುತ್ತೆ. ಸ್ಕೋರ್ ಹಾಳೆಯಲ್ಲಿ ಔಟ್ ಅಂತಷ್ಟೇ ಇರುತ್ತೆ, ಹವಾಮಾನ ಇರಲ್ಲ. ಬ್ಯಾಟಿನ ಅಂಚಿಗೋ ಹಿಡಿಯ ಹತ್ತಿರಕ್ಕೋ ತಗುಲಿದರೆ ಕೈ ಜುಮ್ ಅನ್ನುತ್ತೆ. ಡಿಸೆಂಬರ್ ಬೆಳಿಗ್ಗೆ ಲೆದರ್ ಬಾಲಿನಲ್ಲಿ ಆಡಿದವರಿಗೆ ಅದನ್ನು ವಿವರಿಸಿ ಹೇಳಬೇಕಿಲ್ಲ. ಒಂದು ಸಲ ಆ ಪೆಟ್ಟು ತಿಂದ ಹುಡುಗ ಮುಂದಿನ ಎರಡು ಸರದಿ ಒಳಗೆ ಬರುವ ಚೆಂಡಿಗೆ ಹೆದರುತ್ತಾನೆ.

ಪಿಚರ್‌ಗಳ ಕಷ್ಟ ಬೇರೆ. ಹೊಸ ಚೆಂಡು ಜಾರುತ್ತೆ ಅಂತ ನ್ಯೂಜೆರ್ಸಿಯ ಹೊಳೆಯ ಕೆಸರು ತಂದು ಮ್ಯಾಚಿಗೆ ಮುಂಚೆ ಉಜ್ಜಿರುತ್ತಾರೆ. ನಮ್ಮವರು ಚೆಂಡಿನ ಹೊಳಪು ಉಳಿಯಲಿ ಅಂತ ಪ್ಯಾಂಟಿಗೆ ತಿಕ್ಕಿದರೆ, ಇವರು ಹೊಳಪು ಹೋಗಲಿ ಅಂತ ಕೆಸರು ತಿಕ್ಕುತ್ತಾರೆ. ಆದರೂ ಚಳಿಯಲ್ಲಿ ಬೆರಳು ಒಣಗಿ ಹಿಡಿತ ಸಿಗಲ್ಲ. ಕರ್ವ್ ಬಾಲು ಬಾಗುವುದೇ ಬೆರಳ ತುದಿಯ ಎಳೆತದಿಂದ. ಅದು ಹೋದರೆ ಚೆಂಡು ಬಾಗದೆ ಸುಮ್ನೆ ತೇಲಿಕೊಂಡು ಬರುತ್ತೆ. ಚಳಿಯ ದಿನ ಪಿಚರ್ ಕೈಗೆ ಉಸಿರು ಊದಿಕೊಳ್ಳಲು ಅಂಪೈರ್ ಅನುಮತಿ ಕೊಡಬಹುದು, ಆದರೆ ಎರಡೂ ತಂಡದ ಮ್ಯಾನೇಜರ್‌ಗಳು ಒಪ್ಪಬೇಕು. ಇದು ಬೇಸ್‌ಬಾಲ್ ನಿಯಮದಲ್ಲೇ ಬರೆದಿದೆ! ವೇಗವೂ ಗಂಟೆಗೆ ಒಂದೆರಡು ಮೈಲಿ ಕಮ್ಮಿ ಇರುತ್ತೆ. ಹಾಗಾಗಿ ಏಪ್ರಿಲ್‌ನಲ್ಲಿ ಬೋರ್ಡಿನ ಮೇಲೆ 92 ಕಂಡರೆ ನಾನು ಮೂಗು ಮುರಿಯಲ್ಲ.

ಇನ್ನೊಂದು ಮಾತು. ಈ ಹುಡುಗರು ಮಾರ್ಚ್ ಪೂರ್ತಿ ಅರಿಜೋನಾದ ಮೆಸಾದಲ್ಲಿ, ಮರುಭೂಮಿಯ ಬಿಸಿಲಲ್ಲಿ ಅಭ್ಯಾಸ ಮಾಡಿರುತ್ತಾರೆ. ಎಷ್ಟೋ ಹುಡುಗರ ಊರು ಡೊಮಿನಿಕನ್ ರಿಪಬ್ಲಿಕ್ಕೋ ವೆನೆಜುವೆಲಾವೋ ಆಗಿರುತ್ತೆ. ಹಿಮವನ್ನು ಮೊದಲ ಸಲ ನೋಡುವುದೇ ಇಲ್ಲಿ. 2023ರಲ್ಲಿ ಕೆವಿನ್ ಅಲ್ಕಾಂತರಾ ಸೀಸನ್ ಶುರು ಮಾಡಿದ್ದು ಇಲ್ಲೇ. ಆರಡಿ ಆರಂಗುಲ ಎತ್ತರದ ಡೊಮಿನಿಕನ್ ಹುಡುಗ. ಅಷ್ಟು ಉದ್ದ ಕೈಕಾಲಿನವನು ಆ ಗಾಳಿಯಲ್ಲಿ ಔಟ್‌ಫೀಲ್ಡಿನಲ್ಲಿ ನಿಂತಿದ್ದನ್ನು ನೋಡಿ ನನಗೆ ಬಾಳೆಗಿಡ ನೆನಪಾಗುತ್ತಿತ್ತು. ಆದರೆ ಈ ಸಲ ನಾನು ಅವನ ಸರಾಸರಿ ನೋಡಲಿಲ್ಲ, ಕಾಲು ನೋಡಿದೆ.

ಕಾಲು ಸುಳ್ಳು ಹೇಳಲ್ಲ. ನನ್ನ ಹತ್ತಿರ ಒಂದು ಹಳೆ ಸ್ಟಾಪ್‌ವಾಚ್ ಇದೆ. ಬ್ಯಾಟಿಗೆ ಚೆಂಡು ತಗುಲಿದ ‘ಟಕ್’ಗೆ ಒತ್ತಬೇಕು, ಹೊಡೆದವನು ಓಡಿ ಮೊದಲ ಬೇಸಿಗೆ ಪಾದ ತಾಗಿಸಿದಾಗ ನಿಲ್ಲಿಸಬೇಕು. 90 ಅಡಿ. ಬಲಗೈ ಬ್ಯಾಟರ್‌ಗೆ 4.3 ಸೆಕೆಂಡ್ ಸಾಧಾರಣ, ಎಡಗೈಯವನಿಗೆ 4.2. ಎಡಗೈಯವನು ಬೇಸಿಗೆ ಒಂದು ಹೆಜ್ಜೆ ಹತ್ತಿರ ನಿಂತಿರುತ್ತಾನಲ್ಲ, ಅದಕ್ಕೆ. ಚಳಿಯಲ್ಲಿ ಸ್ವಲ್ಪ ಹೆಚ್ಚು ಕಮ್ಮಿ ಆಗಬಹುದು. ಆದರೆ ಆರು ರನ್ ಹಿಂದಿದ್ದಾಗ, ಎಂಟನೇ ಇನ್ನಿಂಗ್ಸಿನಲ್ಲಿ, ಪಿಚರ್ ಕೈಗೇ ಹೋದ ಚೆಂಡಿಗೂ ಪೂರ್ತಿ ಓಡುವವನು ಯಾರು, ಅರ್ಧಕ್ಕೆ ನಿಲ್ಲುವವನು ಯಾರು ಅನ್ನೋದು ಜುಲೈಗಿಂತ ಏಪ್ರಿಲ್‌ನಲ್ಲಿ ಚೆನ್ನಾಗಿ ಗೊತ್ತಾಗುತ್ತೆ.

ಆಮೇಲೆ ಕಣ್ಣು. ಹೊಡೆದ ಚೆಂಡಿಗಿಂತ ಬಿಟ್ಟ ಚೆಂಡನ್ನು ನೋಡುತ್ತೇನೆ. ಕೈ ಮರಗಟ್ಟಿದ ಹುಡುಗನಿಗೆ ಬೇಗ ಒಂದು ಹೊಡೆದು ಡಗೌಟಿನ ಹೀಟರ್ ಹತ್ತಿರ ಓಡುವ ಆಸೆ ಇರುತ್ತೆ. ಅಂಥಾದ್ದರಲ್ಲೂ ಕೆಳಗೆ ಜಾರುವ ಸ್ಲೈಡರನ್ನು ಕೊನೆವರೆಗೂ ಕಣ್ಣಲ್ಲೇ ಹಿಂಬಾಲಿಸಿ, ಬ್ಯಾಟು ಅಲುಗಿಸದೆ ಬಿಟ್ಟರೆ, ಅದಕ್ಕೆ ನೋಟ್‌ಬುಕ್ಕಿನಲ್ಲಿ ಒಂದು ಚುಕ್ಕಿ. ಒಂದು ರಾತ್ರಿ ಒಬ್ಬ ಹುಡುಗ, ಹೆಸರು ಬೇಡ, ನಾಲ್ಕು ಸರದಿಯಲ್ಲಿ ಒಂದೂ ಹಿಟ್ ಇಲ್ಲ, ಮೂರು ಸಲ ಸ್ಟ್ರೈಕ್ ಔಟ್. ನನ್ನ ಪುಟದಲ್ಲಿ ಅವನಿಗೆ ಒಂಬತ್ತು ಚುಕ್ಕಿ ಇತ್ತು.

ಕೂರುವ ಜಾಗ ಮುಖ್ಯ. ಹೋಮ್ ಪ್ಲೇಟಿನ, ಅಂದರೆ ಬ್ಯಾಟರ್ ನಿಲ್ಲುವ ಜಾಗದ ಹಿಂದೆ, ಹತ್ತು ಹನ್ನೆರಡು ಸಾಲು ಮೇಲೆ. ಚಳಿಯಲ್ಲಿ ಯಾರೂ ಬರಲ್ಲ, ಹಾಗಾಗಿ ಅಲ್ಲಿನ ಟಿಕೆಟ್ ಸುಲಭವಾಗಿ ಸಿಗುತ್ತೆ. ಆಟಗಾರರನ್ನು ಅಳೆಯಲು ಬರುವ ಸ್ಕೌಟುಗಳು ಎಸೆತದ ವೇಗ ನೋಡುವ ರೇಡಾರ್ ಗನ್ ಹಿಡಿದು ಕೂರುವುದೂ ಅಲ್ಲೇ. ಅವರನ್ನು ಮಾತಾಡಿಸಬೇಡಿ, ಅವರು ಕೆಲಸದಲ್ಲಿರುತ್ತಾರೆ. ಆದರೆ ಅವರು ಯಾವಾಗ ಗನ್ ಎತ್ತುತ್ತಾರೆ, ಯಾವಾಗ ಎದ್ದು ಕಾಫಿಗೆ ಹೋಗುತ್ತಾರೆ ಅಂತ ಸುಮ್ನೆ ಗಮನಿಸಿ, ಅರ್ಧ ಪಾಠ ಅಲ್ಲೇ ಇದೆ. ಕೆಲವು ಸಲ ಅವತ್ತು ಆಡದ ಪಿಚರ್‌ಗಳೇ ಪಕ್ಕದ ಸಾಲಲ್ಲಿ ಹುಡ್ ಎಳೆದುಕೊಂಡು, ಪ್ರತಿ ಎಸೆತವನ್ನೂ ಹಾಳೆಯಲ್ಲಿ ಗುರುತು ಹಾಕುತ್ತಾ ಕೂತಿರುತ್ತಾರೆ.

ಮ್ಯಾಚ್ ಶುರುವಾಗುವ ಅರ್ಧ ಗಂಟೆ ಮುಂಚೆ ಪಿಚರ್‌ಗಳು ಕೈ ಬಿಸಿ ಮಾಡಿಕೊಳ್ಳುವ ಬುಲ್‌ಪೆನ್ ಹತ್ತಿರ ಹೋಗಿ ನಿಲ್ಲುತ್ತೇನೆ. ಅಲ್ಲಿ ಪಿಚರ್ ಎಷ್ಟು ಬೇಗ ಬೆವರುತ್ತಾನೆ, ಕರ್ವ್ ಹಿಡಿತ ಸಿಗದಿದ್ದರೆ ಸಿಡುಕುತ್ತಾನಾ ಅಥವಾ ಬೇರೆ ಹಿಡಿತ ಹುಡುಕುತ್ತಾನಾ, ಕ್ಯಾಚರ್ ಗ್ಲವ್ ಸದ್ದು ಹೇಗಿದೆ, ಎಲ್ಲಾ ಆರಡಿ ದೂರದಲ್ಲಿ. ಈಗ ಪಿಚ್ ಕ್ಲಾಕ್ ಬೇರೆ ಬಂದಿದೆ. 2022ರಲ್ಲಿ ಮೈನರ್ ಲೀಗಿಗೆ ಅದು ಬಂದಾಗ, ಬೇಸಿನಲ್ಲಿ ಓಟಗಾರ ಇಲ್ಲದಿದ್ದರೆ 14 ಸೆಕೆಂಡಲ್ಲಿ ಎಸೆಯಬೇಕಿತ್ತು. ಕೈ ಉಜ್ಜಿಕೊಂಡು ನಿಲ್ಲೋಕೆ ಟೈಮಿಲ್ಲ. ಹುಡುಗರಿಗೆ ಕಷ್ಟ, ನಮಗೆ ವರ. ಮ್ಯಾಚು ಸುಮಾರು 25 ನಿಮಿಷ ಬೇಗ ಮುಗಿಯುತ್ತೆ.

ಇನ್ನು ನನ್ನ ಸರಂಜಾಮು. ಎರಡು ಜೊತೆ ಉಣ್ಣೆ ಕಾಲುಚೀಲ ಗೊತ್ತಿರೋದೇ. ಅದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಒಂದು ರಟ್ಟಿನ ತುಂಡು. ಕಾಂಕ್ರೀಟ್ ನೆಲ ಬೂಟಿನೊಳಗಿಂದಲೂ ಕಾಲಿನ ಬಿಸಿ ಹೀರುತ್ತೆ. ಕಾಲ ಕೆಳಗೆ ರಟ್ಟು ಹಾಕಿಕೊಂಡರೆ ಏಳನೇ ಇನ್ನಿಂಗ್ಸಿನವರೆಗೂ ಬೆರಳು ಇದೆ ಅಂತ ಗೊತ್ತಾಗುತ್ತೆ. ಬಲಗೈ ಗ್ಲವ್ಸಿನ ಹೆಬ್ಬೆರಳು, ತೋರುಬೆರಳಿನ ತುದಿ ಕತ್ತರಿಸಿದ್ದೇನೆ, ಸ್ಟಾಪ್‌ವಾಚಿಗೆ. ಫೋನು ಒಳ ಜೇಬಲ್ಲಿ, ಮೈಗೆ ತಾಗುವ ಹಾಗೆ. ತೀರಾ ತಡೆಯದಿದ್ದರೆ ಸ್ಟೇಡಿಯಂ ಒಳಗಿನ ಅಂಗಡಿಗೆ ಹೋಗುತ್ತೇನೆ. ಅದು 1901ರಲ್ಲಿ ಕಟ್ಟಿದ ಯಹೂದಿ ಪ್ರಾರ್ಥನಾ ಮಂದಿರ, ಈಗ ತಂಡದ ಟೋಪಿ ಜೆರ್ಸಿ ಮಾರುವ ಜಾಗ. ಒಂದು ಟೋಪಿ ಕೈಗೆತ್ತಿಕೊಂಡು ಐದು ನಿಮಿಷ ಬೆಲೆ ನೋಡುವ ನಾಟಕ ಮಾಡಿದರೆ ಮೈ ಬೆಚ್ಚಗಾಗುತ್ತೆ. ಮಗಳನ್ನು ಒಂದು ಶನಿವಾರ ಕರೆದುಕೊಂಡು ಹೋಗಿದ್ದೆ. ಆ ಅಂಗಡಿಯಿಂದ ಅವಳು ಹೊರಗೇ ಬರಲಿಲ್ಲ. ‘ಅಪ್ಪಾ, ನೀನು ನೋಡ್ಕೊಂಡು ಬಾ’ ಅಂದಳು.

2021ರಿಂದ ಒಂದು ಅನುಕೂಲ ಆಗಿದೆ. ಎದುರಾಳಿ ತಂಡ ಮಂಗಳವಾರ ಬಂದರೆ ಭಾನುವಾರದವರೆಗೂ ಇಲ್ಲೇ, ಆರು ಮ್ಯಾಚು. ಹಾಗಾಗಿ ಒಂದು ದಿನ ನೋಡಿ ತೀರ್ಪು ಕೊಡುವ ಅವಸರ ಬೇಡ. ಮಂಗಳವಾರ ಮೂರು ಡಿಗ್ರಿ ಇದ್ದದ್ದು ಶನಿವಾರ ಹದಿನೈದು ಆಗಬಹುದು. ಎರಡೂ ದಿನ ಅದೇ ಹುಡುಗನನ್ನು ನೋಡಿ. ನಾನು ಪ್ರತಿ ಪುಟದ ಮೇಲೆ ಹೆಸರಿಗಿಂತ ಮುಂಚೆ ಡಿಗ್ರಿ ಬರೆಯುತ್ತೇನೆ, ಗಾಳಿ ಯಾವ ಕಡೆಗೆ ಅಂತ ಒಂದು ಬಾಣ ಹಾಕುತ್ತೇನೆ. ಆಗಸ್ಟಿನಲ್ಲಿ ಇನ್ನೊಮ್ಮೆ ತೆಗೆದು ಓದಿದಾಗ ಅರ್ಧ ಸಾಲುಗಳನ್ನು ರಬ್ಬರಿನಿಂದ ಅಳಿಸುವುದೂ ಇದೆ. ಕೇಸಿಯ ಪುಟ ಮಾತ್ರ ಪೆನ್ನಿನದು. ಆ ಎರಡು ಗೆರೆ ಹಾಗೇ ಇವೆ.

ಈ ಸೀಸನ್ನಿನ ಒಂದು ಬುಧವಾರ ಎರಡು ಮ್ಯಾಚು ಒಟ್ಟಿಗೆ ಇಟ್ಟಿದ್ದರು, ಹಿಂದಿನ ದಿನ ಮಳೆ ಬಂದು ಆಟ ರದ್ದಾಗಿತ್ತು. ಅಂಥಾ ದಿನ ಏಳೇಳು ಇನ್ನಿಂಗ್ಸ್ ಅಷ್ಟೇ. ಎರಡನೇ ಮ್ಯಾಚಿನ ಕೊನೆಗೆ ನೂರು ಜನ ಇದ್ದೆವೇನೋ. ತಂಡ ಸೋಲುತ್ತಿತ್ತು. ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸಿನ ನಡುವಿನ ಫೀಲ್ಡರ್) ಆಡುವ ಒಬ್ಬ ಹುಡುಗ ಎರಡನೇ ಬೇಸಿನ ಕಡೆ ಮೆತ್ತಗೆ ಒಂದು ಉರುಳಿಸಿದ. ಔಟ್ ಅಂತ ಅವನಿಗೂ ಗೊತ್ತಿತ್ತು. ತಲೆ ತಗ್ಗಿಸಿ ಓಡಿದ ನೋಡಿ, ಎದುರಿನವನು ಗಾಬರಿಯಾಗಿ ಚೆಂಡು ಕೈಬಿಟ್ಟ. ನಾನು ‘ಟಕ್’ಗೆ ಸರಿಯಾಗಿ ಒತ್ತಿದ್ದೆ. ಆದರೆ ನಿಲ್ಲಿಸುವಾಗ ಹೆಬ್ಬೆರಳು ಬಗ್ಗಲೇ ಇಲ್ಲ. ಕೆಳಗೆ ನೋಡಿದರೆ ವಾಚು ಒಂಬತ್ತು, ಹತ್ತು, ಹನ್ನೊಂದು ಅಂತ ಓಡುತ್ತಲೇ ಇತ್ತು. ಪುಟದಲ್ಲಿ ಸಮಯದ ಜಾಗ ಖಾಲಿ ಬಿಟ್ಟು ‘ಓಡಿದ’ ಅಂತ ಬರೆದೆ.