ಕಷ್ಟಕಾಲದಲ್ಲಿ 13ನೇ ಕೀರ್ತನೆ ಹಿಡಿದು ಪ್ರಾರ್ಥಿಸುವ ಕ್ರಮ

ಕಾಸರಗೋಡು ಜಿಲ್ಲೆಯ ಬೇಳದ ಶೋಕಮಾತೆಯ ಇಗರ್ಜಿಯಲ್ಲೋ (ಚರ್ಚಿನಲ್ಲೋ) ಮನೆಯ ಅಲ್ತಾರಿನ (ಪ್ರಾರ್ಥನಾ ಪೀಠದ) ಮುಂದೆಯೋ ಕಾಲು ಗಂಟೆ ಕೂತುಕೊಳ್ಳಿ. ಬೈಬಲಿನ 13ನೇ ಕೀರ್ತನೆಯಲ್ಲಿರುವುದು ಆರೇ ವಚನ.

ಮೊದಲ ಎರಡು ಬರೀ ದೇವರ ಮುಂದಿಡುವ ದೂರು. ಹೆಚ್ಚು ಹೊತ್ತು ಇಲ್ಲೇ ನಿಲ್ಲಿ. ಸಾಲ, ಕಾಯಿಲೆ, ತಮ್ಮನ ಮೇಲಿನ ಸಿಟ್ಟು, ಯಾವುದಿದ್ದರೂ ಹೆಸರು ಹಿಡಿದೇ ಹೇಳಿ. ಹಲವರು ದೂರನ್ನು ನುಂಗಿಕೊಂಡು ನೇರ ಐದನೆಯ ವಚನದ ಭರವಸೆಗೆ ಹಾರುತ್ತಾರೆ. ಒಳಗಿನ ಕಹಿ ಹಾಗೆಯೇ ಉಳಿಯುತ್ತದೆ. ಯೇಸುವಿನ ಶಿಷ್ಯ ಪೇತ್ರನು ತನ್ನ ಪತ್ರದಲ್ಲಿ (1 ಪೇತ್ರ 1:7) ನಂಬಿಕೆಯನ್ನು ಪುಟಕ್ಕಿಟ್ಟ ಚಿನ್ನಕ್ಕೆ ಹೋಲಿಸುತ್ತಾನೆ: ಬೆಂಕಿಗೆ ಒಡ್ಡದೆ ಬಚ್ಚಿಟ್ಟದ್ದು ಶುದ್ಧವಾಗದು.

3, 4ರಲ್ಲಿ ಬೇಡಿಕೆ, ಒಂದೇ ಸಾಕು. ಮನಸ್ಸು ಒಪ್ಪದಿದ್ದರೂ 5, 6ನ್ನು ಗಟ್ಟಿಯಾಗಿ ಓದಿ.

ಕಷ್ಟವೆಲ್ಲ ಪಾಪದ ಶಿಕ್ಷೆಯೆಂದು ಕುಗ್ಗಬೇಡಿ. ಹುಟ್ಟುಕುರುಡನ ವಿಷಯದಲ್ಲಿ ಯೇಸು ಅದನ್ನು ಒಪ್ಪಲಿಲ್ಲ (ಯೋಹಾನ 9:3). ಮನೆಯಲ್ಲಿ ಹೊಡೆತವಿದ್ದರೆ ಸಹಿಸುತ್ತ ಕೂರಬೇಡಿ, ಮೊದಲು ಸಹಾಯ ಕೇಳಿ.