ಸ್ಟಾರ್ಟಪ್‌ಗೆ ಹಣ ಹುಡುಕುವ ಮುಂಚೆ ಸರ್ಕಾರದ ನಡೆ ಓದುವುದು ಹೇಗೆ?

2025ರ ಆಗಸ್ಟ್ 20ರಂದು ಆನ್‌ಲೈನ್ ಗೇಮಿಂಗ್ ಮಸೂದೆ ಲೋಕಸಭೆಯಲ್ಲಿ ಪಾಸಾಯಿತು. ಮರುದಿನ ರಾಜ್ಯಸಭೆ, 22ಕ್ಕೆ ರಾಷ್ಟ್ರಪತಿಗಳ ಅಂಕಿತ. ಡ್ರೀಮ್ ಇಲೆವೆನ್, ಬೆಂಗಳೂರಿನ ಎಂಪಿಎಲ್ ಮುಂತಾದ ಕಂಪನಿಗಳು ಹಣ ಕಟ್ಟಿ ಆಡುವ ಆಟಗಳನ್ನು ನಿಲ್ಲಿಸಿದವು.

ಮೂರೇ ದಿನದಲ್ಲಿ ಎಲ್ಲ ಮುಗಿದುಹೋಯಿತು ಅನ್ನಿಸುತ್ತದೆ, ಅಲ್ವಾ? ಆದರೆ ಸುಳಿವು ನಾಲ್ಕು ವರ್ಷದಿಂದ ಸಿಗುತ್ತಲೇ ಇತ್ತು. 2021ರಲ್ಲಿ ಕರ್ನಾಟಕವೇ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಇಂಥ ಆಟಗಳನ್ನು ನಿಷೇಧಿಸಿತ್ತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ನಿಷೇಧವನ್ನು ರದ್ದು ಮಾಡಿತು. 2023ರ ಅಕ್ಟೋಬರ್‌ನಿಂದ ಆಟಗಾರರು ಕಟ್ಟುವ ಪೂರ್ತಿ ಹಣದ ಮೇಲೆ ಶೇ 28 ಜಿಎಸ್‌ಟಿ ಬಿತ್ತು. ಕೋರ್ಟಿನಲ್ಲಿ ಗೆದ್ದರೂ ಈ ಉದ್ಯಮದ ಪರ ಸದನದಲ್ಲಿ ಎದ್ದು ನಿಂತು ಮಾತಾಡಿ ಓಟು ಕಳೆದುಕೊಳ್ಳಲು ಯಾವ ಪಕ್ಷಕ್ಕೂ ಮನಸ್ಸಿರಲಿಲ್ಲ. ಹೂಡಿಕೆದಾರರು ಲೆಕ್ಕಪತ್ರದ ಜೊತೆ ಇದನ್ನೂ ನೋಡಬೇಕಿತ್ತು ಅಂತ ನನ್ನ ಅಭಿಪ್ರಾಯ.

ಇದನ್ನು ಓದುವ ಕ್ರಮ ಒಂದಿದೆ. ಅದಕ್ಕೆ ದೆಹಲಿಯಲ್ಲಿ ಪರಿಚಯ ಬೇಕಿಲ್ಲ.

ಹೆಜ್ಜೆ 1: ರೂಪಾಯಿ ಬರುವ ದಾರಿ ಬರೆಯಿರಿ

ಒಂದು ಹಾಳೆ ತಗೊಳ್ಳಿ. ಗ್ರಾಹಕರ ಜೇಬಿನಿಂದ ನಿಮ್ಮ ಖಾತೆಗೆ ಹಣ ಹೇಗೆ ಬರುತ್ತದೆ ಅಂತ ಬರೆಯಿರಿ. ಆ ದಾರಿಯಲ್ಲಿ ದರ, ಪರವಾನಗಿ, ತೆರಿಗೆ ಇವನ್ನು ಸರ್ಕಾರ ನಿಗದಿ ಮಾಡುವ ಜಾಗಗಳಿಗೆಲ್ಲ ಕೆಂಪು ಗುರುತು ಹಾಕಿ.

ಯುಪಿಐ ನೋಡಿ. ಬೀಡಾ ಅಂಗಡಿಯಲ್ಲೂ ಕ್ಯೂಆರ್ ಕೋಡ್ ಇದೆ. ಆದರೆ 2020ರ ಜನವರಿಯಿಂದ ಯುಪಿಐ ಪಾವತಿಗೆ ವ್ಯಾಪಾರಿಯಿಂದ ಎಂಡಿಆರ್, ಅಂದರೆ ಪ್ರತಿ ಪಾವತಿಯ ಮೇಲಿನ ಕಮಿಷನ್, ತೆಗೆದುಕೊಳ್ಳುವಂತಿಲ್ಲ. ಹಾಗಾಗಿ ಫೋನ್‌ಪೇ ತರಹದ ಕಂಪನಿಗಳು ಸಾಲ, ವಿಮೆ, ಸೌಂಡ್‌ಬಾಕ್ಸ್ ಬಾಡಿಗೆಯ ಕಡೆ ತಿರುಗಿದವು. ಜನ ಜಾಸ್ತಿ ಬಳಸಿದರೆ ಲಾಭ ತಾನಾಗಿ ಬರುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಹೆಜ್ಜೆ 2: ಕೀಲಿ ಯಾರ ಕೈಲಿದೆ?

ಕೇಂದ್ರವೋ, ರಾಜ್ಯವೋ, ರಿಸರ್ವ್ ಬ್ಯಾಂಕೋ? ಸುಮ್ನೆ 'ಸರ್ಕಾರ' ಅಂದರೆ ಸಾಲದು.

ಬೈಕ್ ಟ್ಯಾಕ್ಸಿ ಇದಕ್ಕೆ ಒಳ್ಳೆಯ ಪಾಠ. 2021ರಲ್ಲಿ ಕರ್ನಾಟಕ ಎಲೆಕ್ಟ್ರಿಕ್ ಬೈಕ್ ಟ್ಯಾಕ್ಸಿಗೆ ಯೋಜನೆ ತಂದಿತು. 2024ರ ಮಾರ್ಚ್‌ನಲ್ಲಿ ಅದನ್ನೇ ಹಿಂದಕ್ಕೆ ಪಡೆಯಿತು. ಆಟೊ, ಟ್ಯಾಕ್ಸಿ ಚಾಲಕರ ವಿರೋಧ ಜೋರಾಗಿತ್ತು. ರಾಜ್ಯ ನಿಯಮ ರೂಪಿಸದೆ ಈ ಸೇವೆ ನಡೆಸುವಂತಿಲ್ಲ ಎಂದು 2025ರ ಏಪ್ರಿಲ್‌ನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಹೇಳಿತು. ಜೂನ್ 16ರಿಂದ ಸೇವೆ ನಿಂತಿತು. ಮೇಲ್ಮನವಿಯೂ ಹೋಯಿತು. ಈ ನಡುವೆ ಜುಲೈನಲ್ಲಿ ಕೇಂದ್ರ ಹೊಸ ಮಾರ್ಗಸೂಚಿ ಹೊರಡಿಸಿ ಖಾಸಗಿ ಬೈಕ್ ಬಳಕೆಗೆ ಬಾಗಿಲು ತೆರೆಯಿತು. ಆದರೆ ಒಪ್ಪಿಗೆ ಕೊಡುವ ಅಧಿಕಾರವನ್ನು ರಾಜ್ಯಗಳಿಗೇ ಬಿಟ್ಟಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ!

ಹಾಗಾಗಿ ನಿಮ್ಮ ಪಟ್ಟಿಯಲ್ಲಿ ಇಲಾಖೆಯ ಹೆಸರಿನ ಪಕ್ಕ ಇನ್ನೊಂದು ಸಾಲು ಸೇರಿಸಿ: ನಿಮ್ಮಿಂದ ಯಾರ ಹೊಟ್ಟೆಪಾಡಿಗೆ ಪೆಟ್ಟು? ಅವರ ಸಂಘಟನೆ ಎಷ್ಟು ಗಟ್ಟಿ? ಒಂದು ದಿನ ಆಟೊ ಮುಷ್ಕರ ನಡೆದರೆ ಬೆಂಗಳೂರಿಗೆ ಗೊತ್ತಾಗುತ್ತದೆ. ನಿಮ್ಮ ಆ್ಯಪ್ ಒಂದು ದಿನ ನಿಂತರೆ ಯಾವ ಶಾಸಕರಿಗೂ ಫೋನ್ ಹೋಗುವುದಿಲ್ಲ.

ಹೆಜ್ಜೆ 3: ಸಬ್ಸಿಡಿ ತೆಗೆದು ಲೆಕ್ಕ ಹಾಕಿ

ಎಲೆಕ್ಟ್ರಿಕ್ ಸ್ಕೂಟರ್‌ಗೆ ಕೇಂದ್ರದ ಸಬ್ಸಿಡಿ ಯೋಜನೆಯಾದ ಫೇಮ್‌ನಲ್ಲಿ ಬ್ಯಾಟರಿಯ ಪ್ರತಿ ಕಿಲೋವ್ಯಾಟ್ ಅವರ್‌ಗೆ 15,000 ರೂಪಾಯಿ ಸಿಗುತ್ತಿತ್ತು. 2023ರ ಜೂನ್‌ನಲ್ಲಿ ಅದು 10,000ಕ್ಕೆ ಇಳಿಯಿತು. ಕಾರ್ಖಾನೆ ಬೆಲೆಯ ಶೇ 40ರಷ್ಟಿದ್ದ ಮಿತಿ ಶೇ 15ಕ್ಕೆ ಬಂತು. 2024ರಲ್ಲಿ ಹೊಸ ಯೋಜನೆಗಳು ಬಂದಾಗ 5,000 ಆಯಿತು. ಕಂಪನಿಗಳು ಬೆಲೆ ಏರಿಸಬೇಕಾಯಿತು. ಬೆಂಗಳೂರಿನ ಏಥರ್ ಇದನ್ನೆಲ್ಲ ದಾಟಿ 2025ರ ಮೇನಲ್ಲಿ ಷೇರುಪೇಟೆಗೆ ಬಂತು.

ಹೂಡಿಕೆದಾರರಿಗೆ ತೋರಿಸುವ ಎಕ್ಸೆಲ್ ಶೀಟಿನಲ್ಲಿ ಸಬ್ಸಿಡಿಯ ಜಾಗಕ್ಕೆ ಸೊನ್ನೆ ಹಾಕಿ ನೋಡಿ. ಆಗಲೂ ಗ್ರಾಹಕರು ಕೊಳ್ಳುತ್ತಾರಾ? ಇಲ್ಲ ಅಂದರೆ ನಿಮ್ಮ ನಿಜವಾದ ಗ್ರಾಹಕ ಸರ್ಕಾರವೇ.

ಹೆಜ್ಜೆ 4: ಹೂಡಿಕೆಯ ಹಣ ಎಲ್ಲಿಂದ ಬರುತ್ತಿದೆ?

2012ರಲ್ಲಿ ಬಂದ 'ಏಂಜೆಲ್ ತೆರಿಗೆ' ಷೇರಿನ ನ್ಯಾಯವಾದ ಬೆಲೆಗಿಂತ ಜಾಸ್ತಿ ಬಂದ ಹೂಡಿಕೆಯನ್ನು ಕಂಪನಿಯ ಆದಾಯ ಎಂದು ಲೆಕ್ಕ ಹಾಕುತ್ತಿತ್ತು. ಕಪ್ಪು ಹಣ ತಡೆಯಲು ಬೀಸಿದ ಬಲೆಯಲ್ಲಿ ಪ್ರಾಮಾಣಿಕ ಸ್ಟಾರ್ಟಪ್‌ಗಳೂ ಸಿಕ್ಕಿಬಿದ್ದವು. 2024ರ ಜುಲೈ ಬಜೆಟ್‌ನಲ್ಲಿ ಅದನ್ನು ತೆಗೆದರು. ಹನ್ನೆರಡು ವರ್ಷ ಬೇಕಾಯಿತು!

ವಿದೇಶಿ ಹಣವಾದರೆ ಷೇರು ಹಂಚಿದ 30 ದಿನದೊಳಗೆ ರಿಸರ್ವ್ ಬ್ಯಾಂಕಿಗೆ ಎಫ್‌ಸಿ-ಜಿಪಿಆರ್ ವರದಿ ಸಲ್ಲಿಸಬೇಕು. ಹೂಡಿಕೆದಾರರ ಹಿಂದಿನ ನಿಜವಾದ ಮಾಲೀಕರು ಯಾರು ಅಂತಲೂ ಕೇಳಿ. 2020ರ ಏಪ್ರಿಲ್‌ನಲ್ಲಿ ಬಂದ ಪ್ರೆಸ್ ನೋಟ್ 3, ಚೀನಾ ಸೇರಿದಂತೆ ಭಾರತದ ಜೊತೆ ಭೂಗಡಿ ಇರುವ ದೇಶಗಳ ಹಣಕ್ಕೆ ಸರ್ಕಾರದ ಪೂರ್ವಾನುಮತಿ ಕಡ್ಡಾಯ ಮಾಡಿತು. ಈಗಿನ ನಿಯಮ ಏನಿದೆ ಎಂದು ನಿಮ್ಮ ಸಿಎ ಜೊತೆ ಖಚಿತ ಮಾಡಿಕೊಂಡೇ ಸಹಿ ಹಾಕಿ.

ಹೆಜ್ಜೆ 5: ಸಿಗುವ ನೆರವು ಪಡೆಯಿರಿ

ಸ್ಟಾರ್ಟಪ್ ಇಂಡಿಯಾ ಪೋರ್ಟಲ್‌ನಲ್ಲಿ ಡಿಪಿಐಐಟಿ (ಕೇಂದ್ರದ ಕೈಗಾರಿಕಾ ಉತ್ತೇಜನ ಇಲಾಖೆ) ಮಾನ್ಯತೆಗೆ ಅರ್ಜಿ ಹಾಕಲು ಶುಲ್ಕವಿಲ್ಲ. ಏಜೆಂಟರಿಗೆ ದುಡ್ಡು ಸುರಿಯಬೇಡಿ. ರಾಜ್ಯದ 'ಎಲಿವೇಟ್' ಸ್ಪರ್ಧೆಯಲ್ಲಿ ಆಯ್ಕೆಯಾದರೆ 50 ಲಕ್ಷ ರೂಪಾಯಿವರೆಗೆ ಅನುದಾನ ಸಿಗುತ್ತದೆ. ಅದಕ್ಕಾಗಿ ಷೇರು ಬಿಟ್ಟುಕೊಡಬೇಕಿಲ್ಲ.

ಹೆಜ್ಜೆ 6: ಕರಡು ಬಂದಾಗಲೇ ಮಾತಾಡಿ

ಕರಡು ನಿಯಮ ಪ್ರಕಟವಾದರೆ ಸಾಮಾನ್ಯವಾಗಿ ಆಕ್ಷೇಪಣೆಗೆ ಗಡುವು ಕೊಟ್ಟಿರುತ್ತಾರೆ. ಆಗ ಬರೆಯಿರಿ. ಒಂದು ಪುಟ ಸಾಕು. ಯಾವ ನಿಯಮ, ಅದರಿಂದ ಯಾರಿಗೆ ಏನು ತೊಂದರೆ, ಅದರ ಬದಲು ಯಾವ ವಾಕ್ಯ ಇರಬೇಕು — ಈ ಮೂರೇ ಇರಲಿ. 'ನವೋದ್ಯಮಕ್ಕೆ ಮಾರಕ' ಅಂತೆಲ್ಲ ಗೋಳಾಡಬೇಡಿ. ಅಧಿಕಾರಿಗೆ ಬೇಕಾಗಿರುವುದು ಕಡತದಲ್ಲಿ ಹಾಗೇ ಎತ್ತಿ ಬರೆಯಬಹುದಾದ ವಾಕ್ಯ. ಒಬ್ಬರೇ ಬರೆಯುವ ಬದಲು ಇದೇ ವ್ಯವಹಾರದ ಇನ್ನೂ ನಾಲ್ಕೈದು ಕಂಪನಿಗಳನ್ನು ಸೇರಿಸಿಕೊಳ್ಳಿ. ಕಳಿಸಿದ ಪತ್ರದ ಒಂದು ಪ್ರತಿಯನ್ನು ನಿಮ್ಮ ಹೂಡಿಕೆದಾರರಿಗೂ ಕೊಡಿ. ನಾಳೆ ನಿಯಮ ಬದಲಾದರೆ, ಮೊದಲೇ ಯಾಕೆ ಹೇಳಲಿಲ್ಲ ಅಂತ ಕೇಳುವವರು ಅವರೇ.