ನಾಯಿಯ ಉಣ್ಣೆ ಕಿತ್ತರೆ ಸಾಲದು, ಗೋಡೆಯನ್ನೂ ನೋಡಿ

ನಾಯಿಯ ಕಿವಿಯಿಂದ ರಕ್ತ ಹೀರುವ ಉಣ್ಣೆಗಳನ್ನೆಲ್ಲ (ಉಣುಗು, ಇಂಗ್ಲಿಷಿನಲ್ಲಿ ಟಿಕ್) ಕಿತ್ತು ಹಾಕಿದ ಮೇಲೂ ವಾರದೊಳಗೆ ಮತ್ತೆ ಅಷ್ಟೇ ಕಾಣಿಸಿಕೊಂಡರೆ, ಹುಡುಕಬೇಕಾದ ಜಾಗ ನಾಯಿಯ ಮೈಯಲ್ಲ, ಅದು ಮಲಗುವ ಮೂಲೆ. ನಮ್ಮಲ್ಲಿ ನಾಯಿಗಳಿಗೆ ಹೆಚ್ಚಾಗಿ ಅಂಟುವ ಕಂದು ಉಣ್ಣೆ ತನ್ನ ಆಯುಷ್ಯದ ಬಹುಪಾಲನ್ನು ಗೋಡೆಯ ಬಿರುಕು, ಗೂಡಿನ ಸಂದಿ, ಗೋಣಿಚೀಲದ ಮಡಿಕೆಗಳಲ್ಲೇ ಕಳೆಯುತ್ತದೆ. ನಾಯಿಯ ಮೈಗೆ ಏರುವುದು ರಕ್ತ ಕುಡಿಯಲು ಮಾತ್ರ. ‘ಎರ್ಲಿಕಿಯಾ ಕೇನಿಸ್’ ಎಂಬ ಬ್ಯಾಕ್ಟೀರಿಯಾ ಒಂದು ನಾಯಿಯಿಂದ ಇನ್ನೊಂದಕ್ಕೆ ದಾಟುವುದು ಈ ಏರಿಳಿತದಲ್ಲೇ. ಪೇಟೆಯ ಕ್ಲಿನಿಕ್‌ಗಳಲ್ಲಿ ‘ಟಿಕ್ ಫೀವರ್’ ಎಂದು ಕರೆಯುವ ಜ್ವರಕ್ಕೆ ಬಹಳ ಸಲ ಇದೇ ಕಾರಣ.

ರೋಗ ದಾಟುವ ಬಗೆ

ಮೊಟ್ಟೆಯಿಂದ ಹೊರಬರುವ ಮರಿಗೆ ಆರು ಕಾಲು. ಕಣ್ಣಿಗೆ ಕಾಣಿಸುವುದೇ ಕಷ್ಟ. ಅದು ನಾಯಿಗೆ ಅಂಟಿ ಕೆಲವು ದಿನ ರಕ್ತ ಕುಡಿದು, ಕೆಳಗೆ ಬಿದ್ದು, ಪೊರೆ ಕಳಚಿ ಎಂಟು ಕಾಲಿನ ಎಳೆ ಉಣ್ಣೆಯಾಗುತ್ತದೆ. ಮತ್ತೆ ನಾಯಿಗೆ ಏರಿ ಕುಡಿದು, ಬಿದ್ದು, ಬೆಳೆದ ಉಣ್ಣೆಯಾಗುತ್ತದೆ. ಮೂರನೆಯ ಸಲ ಏರಿದ ಹೆಣ್ಣು ಒಂದು ವಾರ ಅಥವಾ ಅದಕ್ಕೂ ಹೆಚ್ಚು ದಿನ ಕಚ್ಚಿಕೊಂಡಿದ್ದು ಹರಳು ಬೀಜದಂತೆ ಊದಿ ಉದುರುತ್ತದೆ. ಆಮೇಲೆ ಗೋಡೆ ಹತ್ತಿ, ಸಂದಿ ಸೇರಿ ಸಾವಿರಗಟ್ಟಲೆ ಮೊಟ್ಟೆಯಿಟ್ಟು ಸಾಯುತ್ತದೆ. ಮೇಲಕ್ಕೆ ಹತ್ತುವುದು ಇದರ ಸ್ವಭಾವ. ಹಾಗಾಗಿ ನೆಲ ಒರೆಸಿದ ಮಾತ್ರಕ್ಕೆ ಇದು ಸಿಗುವುದಿಲ್ಲ.

ಎರ್ಲಿಕಿಯಾ ತಾಯಿ ಉಣ್ಣೆಯಿಂದ ಮೊಟ್ಟೆಗೆ ಹೋಗುವುದಿಲ್ಲ. ಹುಟ್ಟಿದ ಮರಿಯಲ್ಲಿ ಈ ರೋಗಾಣು ಇರುವುದಿಲ್ಲ. ಸೋಂಕಿರುವ ನಾಯಿಯ ರಕ್ತ ಕುಡಿದಾಗ ಅದು ಹೊಟ್ಟೆ ಸೇರಿ, ಪೊರೆ ಕಳಚಿದ ಮೇಲೂ ಉಳಿದು, ಮುಂದಿನ ನಾಯಿಗೆ ದಾಟುತ್ತದೆ. ಅಂದರೆ ಮೂಲ ಯಾವಾಗಲೂ ಒಂದು ನಾಯಿಯೇ. ಮನೆಯಲ್ಲಿ ಎರಡು ನಾಯಿಗಳಿದ್ದು, ಒಂದಕ್ಕೆ ಮಾತ್ರ ಚಿಕಿತ್ಸೆ ಮಾಡಿಸಿ, ರೋಗಲಕ್ಷಣವಿಲ್ಲದೆ ಸೋಂಕು ಹೊತ್ತಿರುವ ಇನ್ನೊಂದನ್ನು ಹಾಗೇ ಬಿಟ್ಟರೆ ಗೋಡೆಯಲ್ಲಿ ಹುಟ್ಟುವ ಪ್ರತಿ ಹೊಸ ಪೀಳಿಗೆಗೂ ರೋಗಾಣು ಸಿಗುತ್ತಲೇ ಇರುತ್ತದೆ. ಸೋಂಕು ತಗಲಿದ ಉಣ್ಣೆ ನಾಯಿಯಿಂದ ಉದುರಿದ ಐದು ತಿಂಗಳ ಮೇಲೂ ರೋಗ ಹರಡಬಲ್ಲದು.

ಕಚ್ಚಿದ ಜಾಗದಲ್ಲಿ ನಡೆಯುವುದೂ ಗೊತ್ತಿರಲಿ. ಉಣ್ಣೆಯ ಜೊಲ್ಲಿನಲ್ಲಿ ನೋವು ತಿಳಿಯದಂತೆ, ರಕ್ತ ಹೆಪ್ಪುಗಟ್ಟದಂತೆ, ಚರ್ಮದ ರೋಗನಿರೋಧಕ ಕಣಗಳು ಚುರುಕಾಗದಂತೆ ಮಾಡುವ ಅಂಶಗಳಿವೆ. ಕುಡಿದ ರಕ್ತದಲ್ಲಿರುವ ಹೆಚ್ಚಿನ ನೀರನ್ನು ಅದು ಜೊಲ್ಲಿನ ಮೂಲಕವೇ ನಾಯಿಯ ಮೈಗೆ ವಾಪಸು ಬಿಡುತ್ತದೆ. ಕುಡಿ, ಉಗುಳು, ಮತ್ತೆ ಕುಡಿ: ಹೀಗೆ ದಿನಗಟ್ಟಲೆ. ರೋಗಾಣು ಒಳಹೋಗುವುದು ಆ ಉಗುಳಿನಲ್ಲಿ. ಅಮೆರಿಕದ ಲೈಮ್ ರೋಗದ ಬ್ಯಾಕ್ಟೀರಿಯಾ ಉಣ್ಣೆಯ ಕರುಳಿನಿಂದ ಜೊಲ್ಲಿನ ಗ್ರಂಥಿಗೆ ಬರಲು ಸಾಮಾನ್ಯವಾಗಿ ಒಂದು ದಿನಕ್ಕಿಂತ ಹೆಚ್ಚು ಬೇಕು. ಎರ್ಲಿಕಿಯಾಗೆ ಅಷ್ಟು ಹೊತ್ತು ಬೇಡ, ಕೆಲವೇ ಗಂಟೆ ಸಾಕು. ಆದ್ದರಿಂದ ‘ಸಂಜೆ ಕಿತ್ತರಾಯಿತು’ ಎಂಬ ಧೈರ್ಯ ಇಲ್ಲಿ ನಡೆಯದು.

ಕೀಳುವುದು

ದಿನಕ್ಕೊಮ್ಮೆ ಕಿವಿಯ ಒಳಮಡಿಕೆ, ಕಾಲ್ಬೆರಳ ಸಂದಿ, ಕಂಕುಳು, ತೊಡೆಸಂದಿ, ಬಾಲದ ಬುಡ, ಕೊರಳಪಟ್ಟಿಯ ಅಡಿ, ಇಷ್ಟನ್ನೂ ಬೆರಳಾಡಿಸಿ ನೋಡಿ. ಚೂಪು ಮೂತಿಯ ಚಿಮಟದಿಂದ ಉಣ್ಣೆಯ ಬಾಯಿ ಚರ್ಮಕ್ಕೆ ಸೇರುವಲ್ಲಿ ಹಿಡಿದು, ತಿರುಚದೆ, ಒಂದೇ ಸಮನೆ ನೇರ ಮೇಲಕ್ಕೆ ಎಳೆಯಿರಿ. ಹೊಟ್ಟೆ ಹಿಡಿದು ಹಿಂಡಬೇಡಿ. ಬಾಯಿಯ ಚೂರು ಒಳಗೆ ಉಳಿದರೆ ಸೂಜಿಯಿಂದ ಕೆದಕಬೇಡಿ, ಚರ್ಮವೇ ಅದನ್ನು ಹೊರಹಾಕುತ್ತದೆ.

ಸೀಮೆಎಣ್ಣೆ ಹಚ್ಚುವುದು, ಬೀಡಿಯ ಕಿಡಿ ತಾಗಿಸುವುದು, ವ್ಯಾಸಲೀನ್ ಬಳಿಯುವುದು, ಇವೆಲ್ಲ ಬೇಡವೇ ಬೇಡ. ಉಣ್ಣೆ ಬಿಡುವುದು ತಡವಾಗುತ್ತದೆ, ಗಾಸಿಗೊಂಡರೆ ಇನ್ನಷ್ಟು ಉಗುಳಬಹುದು, ನಾಯಿಯ ಚರ್ಮವೂ ಸುಡುತ್ತದೆ. ಉಗುರಿನಿಂದ ಒತ್ತಿ ಸಾಯಿಸುವ ಅಭ್ಯಾಸ ಅದಕ್ಕಿಂತ ಕೆಟ್ಟದ್ದು: ಅದರ ರಸ ಬೆರಳಿನ ಗಾಯಕ್ಕೋ ಕಣ್ಣಿಗೋ ತಾಗಿದರೆ ಮನುಷ್ಯರಿಗೇ ಸೋಂಕು ಬರಬಹುದು. ಕಿತ್ತದ್ದನ್ನು ಸ್ಪಿರಿಟ್ ಇರುವ ಸಣ್ಣ ಬಾಟಲಿಗೆ ಹಾಕಿ. ಜೀವಂತ ಹೊರಗೆಸೆದ ಊದಿದ ಹೆಣ್ಣು ಅಲ್ಲೇ ಮೊಟ್ಟೆಯಿಡುತ್ತದೆ. ಕಚ್ಚಿದ ಜಾಗವನ್ನೂ ಕೈಯನ್ನೂ ಸೋಪಿನಿಂದ ತೊಳೆದು, ಕ್ಯಾಲೆಂಡರಿನಲ್ಲಿ ದಿನಾಂಕ ಗುರುತು ಹಾಕಿ.

ಔಷಧದ ಆಯ್ಕೆ

ಫ್ಲುರಲನರ್, ಅಫೋಕ್ಸೋಲನರ್ ಬಗೆಯ ಮಾತ್ರೆಗಳು ಚೆನ್ನಾಗಿ ಕೆಲಸ ಮಾಡುತ್ತವೆ. ಮೊದಲನೆಯದರ ಬಲ ಸುಮಾರು 12 ವಾರ, ಎರಡನೆಯದರದು ಒಂದು ತಿಂಗಳು. ಆದರೆ ಉಣ್ಣೆ ಸಾಯುವುದು ಕಚ್ಚಿ ರಕ್ತ ಕುಡಿದ ಮೇಲೆಯೇ. ಕೆಲವೇ ಗಂಟೆಗಳಲ್ಲಿ ದಾಟುವ ರೋಗಾಣುವಿಗೆ ಆ ಅವಧಿಯೇ ಸಾಕಾಗಬಹುದು. ಉಣ್ಣೆ ಹೆಚ್ಚಿರುವ ಕಡೆ ಕಚ್ಚುವ ಮೊದಲೇ ಓಡಿಸುವ ಫ್ಲುಮೆತ್ರಿನ್ ಅಥವಾ ಡೆಲ್ಟಾಮೆತ್ರಿನ್ ಕೊರಳಪಟ್ಟಿಯ ಬಗ್ಗೆಯೂ ಪಶುವೈದ್ಯರನ್ನು ಕೇಳಿ. ಮೂರ್ಛೆರೋಗದ ಇತಿಹಾಸವಿರುವ ನಾಯಿಗೆ ಈ ಮಾತ್ರೆ ಕೊಡುವ ಮೊದಲು ಅದನ್ನು ತಪ್ಪದೆ ಹೇಳಿ. ಮನೆಯಲ್ಲಿ ಬೆಕ್ಕಿದ್ದರೆ ಪರ್ಮೆತ್ರಿನ್ ಇರುವ ಹನಿಮದ್ದು ತರಲೇಬೇಡಿ, ಬೆಕ್ಕಿಗೆ ಅದು ವಿಷ. ಅಮಿಟ್ರಾಜ್ ದ್ರಾವಣವನ್ನು ಲೇಬಲ್‌ನಲ್ಲಿರುವ ಅಳತೆಗೆ ಮೀರಿ ಕಲಸಬಾರದು. ಮೈ ಒಣಗುವ ತನಕ ನಾಯಿ ನೆಕ್ಕದಂತೆ ನೋಡಿಕೊಳ್ಳಿ.

ಗೋಡೆ, ಗೂಡು, ಹಾಸಿಗೆ

ಬಹಳ ಮನೆಗಳಲ್ಲಿ ಬಿಟ್ಟುಹೋಗುವ ಕೆಲಸ ಇದು. ನಾಯಿ ಮಲಗುವ ಜಾಗದ ಸುತ್ತ ಟಾರ್ಚ್ ಹಿಡಿದು ಸೂರಿನ ತನಕ ನೋಡಿ: ಕಿಟಕಿಯ ಚೌಕಟ್ಟು, ಫೋಟೊದ ಹಿಂಬದಿ, ಸ್ವಿಚ್‌ಬೋರ್ಡ್ ಅಂಚು, ಮರದ ಗೂಡಿನ ಹಲಗೆಗಳ ಸಂದಿ. ಬಿರುಕುಗಳನ್ನು ಸಿಮೆಂಟ್ ಅಥವಾ ಪುಟ್ಟಿಯಿಂದ ಮುಚ್ಚಿ. ಗೋಣಿಚೀಲದ ಹಾಸಿಗೆ ತೆಗೆದುಹಾಕಿ, ಕುದಿನೀರಿನಲ್ಲಿ ಒಗೆಯಬಹುದಾದ ಬಟ್ಟೆ ಹಾಸಿ, ವಾರಕ್ಕೊಮ್ಮೆ ಒಗೆಯಿರಿ. ಕೀಟನಾಶಕ ಸಿಂಪಡಿಸುವುದಾದರೆ ನಾಯಿ, ಮಕ್ಕಳನ್ನು ಹೊರಗಿಟ್ಟು, ಬಿರುಕುಗಳಿಗೇ ಗುರಿಯಿಟ್ಟು ಹೊಡೆಯಿರಿ.

ಒಂದೇ ಸಲ ಹೊಡೆದು ನಿಲ್ಲಿಸಿದರೆ ಫಲವಿಲ್ಲ. ಮೊಟ್ಟೆಗಳ ಮೇಲೆ ಸಿಂಪಡಣೆ ಅಷ್ಟಾಗಿ ನಾಟುವುದಿಲ್ಲ. ಸೆಕೆ ಇದ್ದಾಗ ಮೂರು ವಾರದ ಆಸುಪಾಸಿನಲ್ಲಿ, ಚಳಿಯಲ್ಲಿ ಇನ್ನೂ ತಡವಾಗಿ ಅವು ಒಡೆಯುತ್ತವೆ. ಹದಿನೈದು ದಿನಕ್ಕೊಮ್ಮೆಯಂತೆ ಮೂರು ತಿಂಗಳು ಬಿಡದೆ ಮಾಡಿದರೆ ಗೋಡೆಯೊಳಗಿನ ಸರಪಳಿ ಮುರಿಯುತ್ತದೆ.

ಜ್ವರ ಬಂದರೆ

ಕಚ್ಚಿದ 8ರಿಂದ 20 ದಿನಗಳಲ್ಲಿ ಲಕ್ಷಣ ಕಾಣಿಸಬಹುದು: ಊಟ ಬಿಡುವುದು, 103 ಡಿಗ್ರಿ ಫ್ಯಾರನ್‌ಹೀಟ್ ಮೀರಿದ ಜ್ವರ, ಒಸಡಿನಲ್ಲೋ ಹೊಟ್ಟೆಯ ಚರ್ಮದಲ್ಲೋ ಕೆಂಪು ಚುಕ್ಕೆ, ಮೂಗಿನಿಂದ ರಕ್ತ. ಇವಿಲ್ಲದೆಯೂ ರೋಗ ತಿಂಗಳುಗಟ್ಟಲೆ ಒಳಗೇ ಅಡಗಿದ್ದು, ಕೊನೆಗೆ ಅಸ್ಥಿಮಜ್ಜೆಯನ್ನು ಕೆಡಿಸಬಹುದು. ಜರ್ಮನ್ ಷೆಫರ್ಡ್ ತಳಿಯಲ್ಲಿ ಇದು ತೀವ್ರ. ಮನೆಯಲ್ಲಿರುವ ಪ್ಯಾರಸಿಟಮಾಲ್, ಐಬುಪ್ರೊಫೇನ್ ಕೊಡಬೇಡಿ. ರಕ್ತಪರೀಕ್ಷೆ ಮಾಡಿಸಿ; ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಕೆಳಗಿಳಿದಿದ್ದರೆ ಅನುಮಾನ ಬಲವಾಗುತ್ತದೆ. ಇದೇ ಉಣ್ಣೆ ಹರಡುವ ‘ಬೆಬೀಸಿಯಾ’ ಎಂಬ ಇನ್ನೊಂದು ರೋಗಾಣು ಬ್ಯಾಕ್ಟೀರಿಯಾ ಅಲ್ಲ, ಕೆಂಪು ರಕ್ತಕಣದೊಳಗೆ ಬೆಳೆಯುವ ಏಕಕೋಶ ಪರಾವಲಂಬಿ, ಅದಕ್ಕೆ ಬೇರೆ ಮದ್ದು. ಪರೀಕ್ಷೆ ಬೇಕಾಗುವುದು ಅದಕ್ಕೂ ಹೌದು.

ಎರ್ಲಿಕಿಯಾಗೆ ಡಾಕ್ಸಿಸೈಕ್ಲಿನ್, ದಿನಕ್ಕೆ ಕಿಲೋ ತೂಕಕ್ಕೆ 10 ಮಿಲಿಗ್ರಾಂ, 28 ದಿನ. 20 ಕಿಲೋ ನಾಯಿಗೆ ಬೆಳಿಗ್ಗೆ 100, ಸಂಜೆ 100. ವೈದ್ಯರು ಬರೆದುಕೊಟ್ಟ ಮೇಲೆಯೇ ಕೊಡಿ. ಮಾತ್ರೆಯನ್ನು ಊಟದೊಂದಿಗೆ ಕೊಟ್ಟು ನೀರು ಕುಡಿಸಬೇಕು, ಒಣಗಂಟಲಲ್ಲಿ ಸಿಕ್ಕಿಕೊಂಡರೆ ಅನ್ನನಾಳ ಹುಣ್ಣಾಗುತ್ತದೆ. ಆ ಹೊತ್ತಿನ ಊಟ ಹಾಲನ್ನ, ಮೊಸರನ್ನ ಆಗಬಾರದು. ಕ್ಯಾಲ್ಸಿಯಂನಿಂದ ಮದ್ದು ಮೈಗೆ ಹತ್ತುವುದು ತಗ್ಗುತ್ತದೆ. ಎರಡು ದಿನದಲ್ಲಿ ನಾಯಿ ಬಾಲ ಆಡಿಸಿ ಊಟ ಮಾಡುತ್ತದೆ, ಮದ್ದು ನಿಲ್ಲಿಸುವ ಆಸೆ ಹುಟ್ಟುವುದೂ ಆಗಲೇ. ಬ್ಯಾಕ್ಟೀರಿಯಾ ಬಿಳಿ ರಕ್ತಕಣದ ಒಳಗೇ ಕೂತಿರುವುದರಿಂದ 28 ದಿನ ಪೂರೈಸಲೇಬೇಕು. ಇದಕ್ಕೆ ಲಸಿಕೆ ಇಲ್ಲ. ಒಮ್ಮೆ ವಾಸಿಯಾದ ನಾಯಿಗೂ ಮತ್ತೆ ಬರಬಹುದು.

ಇದೇ ಕಂದು ಉಣ್ಣೆ ಮನುಷ್ಯರಿಗೆ ‘ರಿಕೆಟ್ಸಿಯಾ ಕೊನೊರಿ’ ಎಂಬ ಬ್ಯಾಕ್ಟೀರಿಯಾ ದಾಟಿಸಿ, ‘ಇಂಡಿಯನ್ ಟಿಕ್ ಟೈಫಸ್’ ತರುತ್ತದೆ. ಈ ರೋಗಾಣು ಮೊಟ್ಟೆಗೂ ಇಳಿಯುವುದರಿಂದ ಕಣ್ಣಿಗೆ ಕಾಣದ ಮರಿಯೂ ಸೋಂಕು ಹೊತ್ತಿರಬಹುದು. ಬಿಡದ ಜ್ವರ, ತಲೆನೋವು, ಮಣಿಕಟ್ಟು-ಪಾದದ ಗಂಟಿನಿಂದ ಶುರುವಾಗಿ ಅಂಗೈ, ಅಂಗಾಲಿಗೂ ಹರಡುವ ಕೆಂಪು ಗಂಧೆ ಇದ್ದರೆ, ಮನೆಯ ನಾಯಿಗೆ ಉಣ್ಣೆ ಇತ್ತೆಂಬುದನ್ನು ವೈದ್ಯರಿಗೆ ನೀವಾಗಿಯೇ ಹೇಳಿ. ಪೆನಿಸಿಲಿನ್ ಬಗೆಯ ಮದ್ದು ಇದಕ್ಕೆ ನಾಟುವುದಿಲ್ಲ. ಇಲ್ಲಿಯೂ ಬೇಕಾಗುವುದು ಡಾಕ್ಸಿಸೈಕ್ಲಿನ್, ಮಕ್ಕಳಿಗೂ. ಮಲೆನಾಡಿನ ಮಂಗನ ಕಾಯಿಲೆಯನ್ನು ಇದರೊಂದಿಗೆ ಬೆರೆಸಬೇಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಆ ರೋಗಕ್ಕೆ ಕಾರಣ ವೈರಸ್, ಹರಡುವುದು ಕಾಡಿನ ಬೇರೆ ಉಣುಗು, ಈ ಮಾತ್ರೆಯಿಂದ ಅದು ಗುಣವಾಗದು.